ಹಿಂದಿನ ಗಾಜಿಗೆ ಮಂಜೇ? ಗೆರೆ ನೋಡಿ!

ಸಂಜೆ ಮಕ್ಕಳನ್ನು ಟ್ಯೂಷನ್‌ನಿಂದ ಕರೆತರುವ ಹೊತ್ತಿಗೇ ಮಳೆ ಶುರುವಾಗುತ್ತದೆ. ಮಡಿವಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೊಸೂರು ರಸ್ತೆಯಲ್ಲಿ ಕಾರು ತೆವಳುತ್ತಿರುತ್ತದೆ. ಕಿಟಕಿ ಮುಚ್ಚಿದ್ದರಿಂದ ಎಲ್ಲರ ಉಸಿರಿನ ತೇವ ತಣ್ಣನೆಯ ಗಾಜಿಗೆ ತಗುಲಿ ಮಂಜು ಕಟ್ಟುತ್ತದೆ. ಹಿಂದೆ ಬರುವ ಬೈಕು, ಬಸ್ಸು ಕಾಣುವುದೇ ಇಲ್ಲ. ಡಿಫಾಗರ್ ಸ್ವಿಚ್ ಒತ್ತಿದರೂ ಮಂಜು ಹೋಗದಿದ್ದರೆ? ಗಾಬರಿ ಬೇಡ. ಗಾಜನ್ನೇ ಬದಲಾಯಿಸಲು ಒಪ್ಪುವ ಮೊದಲು ನೀವೇ ಒಮ್ಮೆ ಪರೀಕ್ಷಿಸಿ.

ಹಿಂದಿನ ಗಾಜಿನ ಮೇಲೆ ಅಡ್ಡಡ್ಡಲಾಗಿರುವ ತೆಳು ಗೆರೆಗಳಲ್ಲಿ ಕರೆಂಟ್ ಹರಿದು ಗಾಜು ಬಿಸಿಯಾಗುತ್ತದೆ. ಮನೆಯಲ್ಲಿ ಒಂದು ಬಲ್ಬ್ ಆರಿದರೆ ಬಲ್ಬ್ ನೋಡುತ್ತೇವೆ; ಇಡೀ ಮನೆ ಕತ್ತಲಾದರೆ ಫ್ಯೂಸ್ ನೋಡುತ್ತೇವೆ ಅಲ್ಲವೇ? ಇಲ್ಲೂ ಅದೇ ಲೆಕ್ಕ.

ಉಸಿರಿನ ಪರೀಕ್ಷೆ: ಕಾರನ್ನು ಬಯಲಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ ಡಿಫಾಗರ್ ಹಾಕಿ. ಒಳಗಿನಿಂದ ಗಾಜಿನ ಮೇಲೆ ಬಾಯಿಂದ ಉಸಿರು ಬಿಡಿ. ಮಂಜು ಬೇಗ ಕರಗಿದ ಗೆರೆ ಸರಿಯಿದೆ. ಕರಗದಿದ್ದರೆ ಆ ಗೆರೆ ಎಲ್ಲೋ ತುಂಡಾಗಿದೆ.

ಒಂದೆರಡು ಗೆರೆ ಮಾತ್ರ ಕೆಟ್ಟಿದ್ದರೆ: ಕರೆಂಟ್ ಹರಿಯುವ ವಿಶೇಷ ಪೇಂಟ್ ಹಚ್ಚಿ ತುಂಡಾದ ಜಾಗವನ್ನು ಕೂಡಿಸಬಹುದು. ಗಾಜು ಬದಲಿಸಬೇಕಿಲ್ಲ.

ಯಾವ ಗೆರೆಯೂ ಬಿಸಿಯಾಗದಿದ್ದರೆ: ಮೊದಲು ಫ್ಯೂಸ್ ನೋಡಿ. ಅದು ಎಲ್ಲಿದೆ, ಎಷ್ಟು ಆಂಪ್ಸ್‌ನದು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಅಷ್ಟೇ ಆಂಪ್ಸ್‌ನ ಫ್ಯೂಸ್ ಹಾಕಿ. ದೊಡ್ಡದು ಹಾಕುವುದು, ತಂತಿ ಸುತ್ತುವುದು ಖಂಡಿತ ಬೇಡ. ವೈರು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಹೊಸ ಫ್ಯೂಸೂ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಫ್ಯೂಸ್ ಸರಿಯಿದ್ದರೆ ಗಾಜಿನ ಎರಡೂ ಪಕ್ಕದ ವೈರು ಕಳಚಿದೆಯೇ ನೋಡಿ. ಡಿಕ್ಕಿಯ ಬಾಗಿಲಿನ ಜೊತೆ ಗಾಜೂ ಮೇಲೇಳುವ ಕಾರುಗಳಲ್ಲಿ, ಕೀಲಿನ ಹತ್ತಿರ ವೈರು ಮಡಚಿ ಮಡಚಿ ಒಳಗೇ ತುಂಡಾಗುವುದುಂಟು.

ಇಷ್ಟಾದರೂ ಗೊತ್ತಾಗದಿದ್ದರೆ ಆಟೊ ಎಲೆಕ್ಟ್ರಿಷಿಯನ್ ಬಳಿ ಹೋಗಿ. ಮೀಟರ್ ಇಟ್ಟು ನೋಡಲು ಹೇಳಿ. ಗಾಜಿನ ಒಂದು ಪಕ್ಕ ಸುಮಾರು 12 ವೋಲ್ಟ್, ಸರಿಯಿರುವ ಗೆರೆಯ ನಡುವೆ ಸುಮಾರು 6, ಇನ್ನೊಂದು ಪಕ್ಕ ಸೊನ್ನೆ ಬರಬೇಕು. ಕರೆಂಟೇ ಬರದಿದ್ದರೆ ರಿಲೇ, ಸ್ವಿಚ್ ಪರೀಕ್ಷಿಸಬೇಕು. ಎರಡೂ ಪಕ್ಕ 12 ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ.

ನೆನಪಿಡಿ: ಹತ್ತು ಹದಿನೈದು ನಿಮಿಷಕ್ಕೆ ಡಿಫಾಗರ್ ತಾನಾಗಿಯೇ ನಿಂತರೆ ಅದು ದೋಷವಲ್ಲ, ಎಷ್ಟೋ ಕಾರುಗಳಲ್ಲಿ ವ್ಯವಸ್ಥೆಯೇ ಹಾಗಿದೆ. ಗಾಜಿನ ಒಳಮೈಯನ್ನು ಮೆತ್ತನೆ ಬಟ್ಟೆಯಿಂದ ಗೆರೆಗುಂಟ ಒರೆಸಿ. ಸ್ಟಿಕರ್ ಕೀಳಲು ಬ್ಲೇಡ್ ಬೇಡ, ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆ ಸಾಕು. ರಿಪೇರಿ ಆಗುವವರೆಗೆ ಎ.ಸಿ. ಹಾಕಿಕೊಳ್ಳಿ, ಒಳಗಿನ ತೇವ ಇಳಿಯುತ್ತದೆ.