ಅಂಗಳದ ಹೂಗಿಡಗಳನ್ನು ಮಳೆಗಾಲ ದಾಟಿಸುವ ಬಗೆ

ಹಿಂದಿನ ಸಂಚಿಕೆಗಳಲ್ಲಿ ಬೋರ್ಡೋ ದ್ರಾವಣ, ಸುಣ್ಣ, ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗ ಎಂದು ತೋಟದ ವಿಚಾರಗಳನ್ನೇ ಬರೆಯುತ್ತ ಬಂದಿದ್ದೇವೆ. ಈ ಸಲದ ವಿಷಯ ಹಗುರವೆಂದು ಕೆಲವು ಸದಸ್ಯರಿಗೆ ಅನ್ನಿಸೀತು. ಆದರೆ ಸದಸ್ಯರು ಗೊಬ್ಬರದ ಬಿಲ್ಲು ಬರೆಸಿಕೊಳ್ಳುವಷ್ಟರಲ್ಲಿ ಜೊತೆಗೆ ಬಂದ ಮನೆಯವರು, "ಅಂಗಳದ ದಾಸವಾಳ ಈ ಮಳೆಗೂ ಹೋಯಿತು, ಯಾಕೆ?" ಎಂದು ಕೇಳುವುದು ನಮಗೇನೂ ಹೊಸದಲ್ಲ. ಪ್ರಶ್ನೆ ಸಣ್ಣದಲ್ಲ. ಹೋದದ್ದು ಬರಿಯ ಗಿಡವಾದರೆ ನರ್ಸರಿಯಿಂದ ಇನ್ನೊಂದನ್ನು ತರಬಹುದು. ಹೋದದ್ದು ಜಾತಿಯೇ ಆದರೆ ಎಲ್ಲಿಂದ ತರುವುದು?

ನಮ್ಮ ಮನೆಯಲ್ಲೇ ಆದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ನಮ್ಮ ತಾಯಿಯವರು ಮದುವೆಯಾಗಿ ಬಂದ ವರ್ಷ ತವರಿನಿಂದ ತಂದು ಊರಿದ್ದ ಒಂದು ದಾಸವಾಳ ಅಂಗಳದ ಮೂಲೆಯಲ್ಲಿತ್ತು. ಒಂಟಿ ಎಸಳು, ನಸುಕೆನೆ ಬಣ್ಣ, ನಡುವೆ ಕೆಂಪು ಕಣ್ಣು. ಅವರು ಹೋದ ಮೇಲೂ ದೇವರ ಹೂವಿಗೆ ಅದೇ ಗಿಡ. ಒಂದು ಬೇಸಿಗೆಯಲ್ಲಿ ಕಾಫಿ ಒಣಗಿಸುವ ಕಣಕ್ಕೆ ಸಿಮೆಂಟು ಹಾಕಿಸಿದೆವು. ಕಣದ ನೀರೆಲ್ಲ ಇಳಿದು ಆ ಮೂಲೆಗೇ ಹೋಗುತ್ತದೆಂಬುದನ್ನು ಯಾರೂ ನೋಡಲಿಲ್ಲ. ಪುನರ್ವಸು ಮಳೆಯಲ್ಲಿ ಎಲೆ ಹಳದಿಯಾಯಿತು. ಹಸಿವೆಂದು ತಿಳಿದು ಒಂದು ಹಿಡಿ ಯೂರಿಯಾ ಹಾಕಿದೆವು. ಹದಿನೈದು ದಿನದಲ್ಲಿ ಗಿಡ ಮುಗಿಯಿತು. ಕಿತ್ತು ನೋಡಿದರೆ ಬೇರೆಲ್ಲ ಕಂದು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಅದರದೊಂದು ಕಡ್ಡಿಯನ್ನೂ ನಾವು ಬೇರೆಡೆ ಊರಿರಲಿಲ್ಲ.

ಶೀತದೇಶಗಳ ತೋಟಗಾರಿಕೆ ಪುಸ್ತಕಗಳನ್ನು ಓದಿದವರಿಗೆ ಒಂದು ಪದ್ಧತಿ ಗೊತ್ತಿರುತ್ತದೆ. ಅಲ್ಲಿ ದಾಸವಾಳ, ಕಾಗದದ ಹೂವಿನಂಥ ಉಷ್ಣದೇಶದ ಗಿಡಗಳು ಹಿಮ ಬಿದ್ದರೆ ಬದುಕುವುದಿಲ್ಲ. ಆದ್ದರಿಂದ ಕುಂಡಗಳನ್ನು ಚಳಿಗೆ ಮೊದಲೇ ಒಳಗೆ ಸಾಗಿಸುತ್ತಾರೆ. ಸಾಗಿಸಲಾಗದ ದೊಡ್ಡ ಗಿಡದಿಂದ ಕಡ್ಡಿ ತೆಗೆದು, ಬೇರು ಬರಿಸಿ, ಆ ಮರಿಯನ್ನು ಕಿಟಕಿಯ ಬಳಿ ಸಾಕುತ್ತಾರೆ. ತಾಯಿ ಸತ್ತರೂ ಮರಿಯಲ್ಲಿ ಅದೇ ಜಾತಿ ಉಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಚಳಿ ಗಿಡವನ್ನು ಕೊಲ್ಲುವುದು ಅಪರೂಪ. ನೀಲಗಿರಿಯ ಎತ್ತರದ ತಗ್ಗುಗಳಲ್ಲಿ ಡಿಸೆಂಬರ್–ಜನವರಿಯಲ್ಲಿ ಮಂಜುಗಡ್ಡೆ ಕಟ್ಟಿ ಚಹದ ಚಿಗುರು ಕರಕಾಗುವುದುಂಟು; ನಮಗೆ ಆ ಭಯವಿಲ್ಲ. ನಮ್ಮ ಕೊಲ್ಲುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಉಪಾಯ ಮಾತ್ರ ಅದೇ.

ಮಳೆಯಲ್ಲಿ ಗಿಡ ಯಾಕೆ ಸಾಯುತ್ತದೆ? ಬೇರಿಗೂ ಉಸಿರಾಟ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ನಿಂತಾಗ ಬೇರಿನ ತುದಿಗಳು ಮೊದಲು ಸಾಯುತ್ತವೆ. ಸತ್ತ ತುದಿಗಳಲ್ಲಿ ಪಿಥಿಯಮ್, ಫೈಟಾಫ್ತೊರ ಮುಂತಾದ ಕೊಳೆರೋಗಾಣುಗಳು ಹೊಗುತ್ತವೆ. ಫೈಟಾಫ್ತೊರ ಎಂಬ ಹೆಸರು ನಮ್ಮ ಸದಸ್ಯರಿಗೆ ಅಪರಿಚಿತವಲ್ಲ. ಅಡಿಕೆಯ ಕೊಳೆರೋಗಕ್ಕೆ ಆ ಕುಲದ ಜೀವಿಯೇ ಕಾರಣ. ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ ಅವರು ಆ ರೋಗದ ಬಗ್ಗೆ ತಮ್ಮ ವರದಿಯನ್ನು ಪ್ರಕಟಿಸಿದ್ದು 1910ರಲ್ಲಿ. ಇದರ ಬೀಜಾಣುಗಳು ನೀರಿನಲ್ಲಿ ಈಜಿ ಬೇರಿಂದ ಬೇರಿಗೆ ಹೋಗಬಲ್ಲವು. ಬೇರು ಸತ್ತ ಗಿಡ ನೀರಿನ ನಡುವೆ ನಿಂತೂ ಬಾಡುತ್ತದೆ, ಏಕೆಂದರೆ ಕುಡಿಯುವ ಬಾಯೇ ಇಲ್ಲ. ಬಾಡಿದ್ದನ್ನು ಕಂಡು ಗೊಬ್ಬರ ಹಾಕಿದರೆ ಅದರ ಲವಣ ಉಳಿದ ಬೇರನ್ನೂ ಸುಡುತ್ತದೆ. ನಾವು ಹಾಕಿದ ಯೂರಿಯಾ ಮಾಡಿದ್ದು ಇದನ್ನೇ.

ಇನ್ನು ಕಡ್ಡಿಯ ವಿಚಾರ. ನಮ್ಮ ಕಡೆ ಮೃಗಶಿರೆ ಮಳೆ ಹಿಡಿದ ಮೇಲೆ ಕಡ್ಡಿ ಊರುವ ವಾಡಿಕೆ. ನೀರು ಹಾಕುವ ಕೆಲಸ ಉಳಿಯುತ್ತದೆಂದು. ನಂದಬಟ್ಟಲು, ಬೇಲಿಯ ಗ್ಲಿರಿಸೀಡಿಯಾದಂಥವು ಹಾಗೂ ಬದುಕಿಕೊಳ್ಳುತ್ತವೆ. ದಾಸವಾಳದ ಕಡ್ಡಿ ಜಡಿಮಳೆಯಲ್ಲಿ ಬೇರು ಬಿಡುವ ಮೊದಲೇ ಬುಡದಲ್ಲಿ ಕೊಳೆಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಸರಿಯಾದ ಕಾಲ ಮಾರ್ಚ್–ಏಪ್ರಿಲ್, ಅಂದರೆ ಹೂಮಳೆ ಬಿದ್ದು ಗಿಡದಲ್ಲಿ ಚಿಗುರು ಓಡುವ ಹೊತ್ತು. ದಾಸವಾಳಕ್ಕೆ ಬೇರು ಬರಲು ನಾಲ್ಕರಿಂದ ಆರು ವಾರ ಸಾಕು. ರೋಹಿಣಿ ಮಳೆಯ ಹೊತ್ತಿಗೆ ಮರಿ ತನ್ನ ಕಾಲ ಮೇಲೆ ನಿಂತಿರುತ್ತದೆ. ಆ ಸಮಯ ತಪ್ಪಿದರೆ ಹಸ್ತೆ ಮಳೆ ಕಳೆದ ಮೇಲೆ ಅಕ್ಟೋಬರಿನಲ್ಲಿ ಇನ್ನೊಂದು ಅವಕಾಶವಿದೆ.

ಯಾವ ಕಡ್ಡಿ ತೆಗೆಯಬೇಕೆಂಬುದರಲ್ಲಿ ಕಾಫಿ, ಮೆಣಸು ಬೆಳೆದವರಿಗೆ ಪಾಠ ಬೇಡ. ರೊಬಸ್ಟಾ ಕಾಫಿಯ ಕಂಬಚಿಗುರಿನ ತುಂಡು ಬೇರು ಬಿಟ್ಟರೆ ನೆಟ್ಟಗೆ ಏಳುವ ಗಿಡ ಸಿಗುತ್ತದೆ. ಅಡ್ಡರೆಕ್ಕೆಯ ತುಂಡು ಬೇರು ಬಿಟ್ಟರೂ ನೆಲಕ್ಕೆ ಒರಗಿ ಅಡ್ಡಡ್ಡ ಬೆಳೆಯುತ್ತದೆ. ಮೆಣಸಿನಲ್ಲೂ ಬುಡದ ಹಂಬಿನಿಂದ ಹತ್ತುವ ಬಳ್ಳಿ, ಕಾಯಿ ಬಿಡುವ ಅಡ್ಡ ಟಿಸಿಲಿನಿಂದ ಪೊದೆಮೆಣಸು. ಹೂಗಿಡಗಳಲ್ಲಿ ಭೇದ ಇಷ್ಟು ಕಟ್ಟುನಿಟ್ಟಲ್ಲ, ಆದರೆ ಕಡ್ಡಿಯ ಪ್ರಾಯ ಮುಖ್ಯ. ತೀರ ಎಳೆಯ ಹಸಿರು ತುದಿ ಬಾಡುತ್ತದೆ, ಬೂದುಬಣ್ಣಕ್ಕೆ ತಿರುಗಿದ ಹಳೆಯ ಕಟ್ಟಿಗೆ ತಡಮಾಡುತ್ತದೆ. ಹಸಿರು ಕಂದಿಗೆ ತಿರುಗುತ್ತಿರುವ, ಬಗ್ಗಿಸಿದರೆ ಸ್ವಲ್ಪ ಬಗ್ಗಿ ಆಮೇಲೆ ಚಟ್ಟೆಂದು ಮುರಿಯುವ, ಪೆನ್ಸಿಲ್ ದಪ್ಪದ ಗೆಲ್ಲು ದಾಸವಾಳಕ್ಕೆ ಉತ್ತಮ. ಕಾಗದದ ಹೂವಿಗೆ ಮಾತ್ರ ಬಲಿತ ಕಟ್ಟಿಗೆಯೇ ಬೇಕು. ಹೂವಿರುವ ಗೆಲ್ಲು ಬೇಡ.

ಆರರಿಂದ ಎಂಟು ಅಂಗುಲದ ತುಂಡನ್ನು ಹರಿತವಾದ ಚೂರಿಯಿಂದ ಗೆಣ್ಣಿನ ಕೆಳಗೆ ನೇರವಾಗಿ, ಮೇಲ್ತುದಿಯಲ್ಲಿ ಓರೆಯಾಗಿ ಕತ್ತರಿಸಿ. ಓರೆ ಕತ್ತರಿಸುವುದು ಮೇಲುಕೆಳಗು ಗುರುತಾಗಲಿ ಎಂದೂ ಹೌದು; ಬೇರು ಬರಿಸುವ ರಸ ಮೇಲಿನಿಂದ ಬುಡಕ್ಕೇ ಇಳಿಯುವುದರಿಂದ ತಲೆಕೆಳಗಾಗಿ ಊರಿದ ಕಡ್ಡಿ ಸರಿಯಾಗಿ ಹಿಡಿಯುವುದಿಲ್ಲ. ಕೆಳಗಿನ ಎಲೆಗಳನ್ನೆಲ್ಲ ತೆಗೆದು ಮೇಲಿನ ಎರಡನ್ನು ಅರ್ಧಕ್ಕೆ ಕತ್ತರಿಸಿ. ಎಲೆ ಪೂರ್ತಿ ಇದ್ದರೆ ಬೇರಿಲ್ಲದ ಕಡ್ಡಿಯ ನೀರೆಲ್ಲ ಆವಿಯಾಗುತ್ತದೆ. ಪೂರ್ತಿ ತೆಗೆದರೆ ಬೇರು ಕಟ್ಟಲು ಬೇಕಾದ ಆಹಾರ ತಯಾರಾಗುವುದಿಲ್ಲ. ಬುಡಕ್ಕೆ ಬೇರು ಬರಿಸುವ ಪುಡಿ ಸವರಿದರೆ ಒಳ್ಳೆಯದು. ಮೆಣಸಿನ ನರ್ಸರಿ ಮಾಡುವವರಲ್ಲಿ ಐ.ಬಿ.ಎ. ಇದ್ದರೆ ಲೀಟರಿಗೆ 1 ಗ್ರಾಂ ಪ್ರಮಾಣ. ಅದು ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿಕೊಂಡು, ಕಡ್ಡಿಯ ಬುಡವನ್ನು ಕೆಲವೇ ಸೆಕೆಂಡು ಅದ್ದಬೇಕು.

ಊರುವ ಚೀಲಕ್ಕೆ ಗೊಬ್ಬರ ಬೇಡವೇ ಬೇಡ. ಹೊಳೆಮರಳಿಗೆ ಸಮಪಾಲು ತೊಳೆದ ತೆಂಗಿನ ನಾರಿನ ಪುಡಿ ಸೇರಿಸಿದರೆ ಆಯಿತು. ಕಡ್ಡಿಯ ಅರ್ಧಭಾಗ ಒಳಗಿರುವಂತೆ ಊರಿ, ಒಮ್ಮೆ ನೀರು ಕೊಟ್ಟು, ಬಿದಿರಿನ ಸೀಳುಗಳನ್ನು ಬಗ್ಗಿಸಿ ಮೇಲೆ ಪಾಲಿಥೀನ್ ಹಾಳೆ ಹೊದಿಸಿ ನೆರಳಿನಲ್ಲಿಡಿ. ದಿನಕ್ಕೊಮ್ಮೆ ಹಾಳೆ ಎತ್ತಿ ಗಾಳಿ ಆಡಿಸಿ. ಬೇರು ಬಂತೇ ಎಂದು ಎರಡು ದಿನಕ್ಕೊಮ್ಮೆ ಕಿತ್ತು ನೋಡುವ ಚಟದಿಂದ ಹೋದ ಕಡ್ಡಿಗಳ ಲೆಕ್ಕ ಇಟ್ಟವರಿಲ್ಲ. ಚಿಗುರು ಬಂದ ಮಾತ್ರಕ್ಕೆ ಬೇರು ಬಂತೆಂದೂ ಅಲ್ಲ, ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲ ಚಿಗುರು ಹೊರಡಬಹುದು. ಚೀಲದ ತೂತಿನಲ್ಲಿ ಬಿಳಿಬೇರು ಕಂಡಾಗ ಬೇರೆ ಕುಂಡಕ್ಕೆ ಬದಲಾಯಿಸಿ. ಕಾಗದದ ಹೂವಿನ ಎಳೆಬೇರು ಬಹಳ ನಾಜೂಕು. ಮಣ್ಣುಗಟ್ಟೆ ಒಡೆಯದಂತೆ ಚೀಲ ಸೀಳಿ ಇಡಬೇಕು.

ಹೈಡ್ರೇಂಜಿಯಾದ ವಿಷಯ ಕಾಫಿಯವರಿಗೆ ವಿಶೇಷವಾಗಿ ಹೇಳಬೇಕಾದದ್ದು. ಅಂಗಳಗಳಲ್ಲಿ ಸಾಮಾನ್ಯವಾಗಿ ಕಾಣುವ ಜಾತಿ ಅರೇಬಿಕಾದಂತೆಯೇ ಹಿಂದಿನ ವರ್ಷದ ಕಟ್ಟಿಗೆಯಲ್ಲಿ ಹೂ ಬಿಡುತ್ತದೆ. ಜನವರಿಯಲ್ಲಿ ತೋಟದ ಕಸಿ ಮಾಡುವ ಆಳಿನ ಕೈಯಲ್ಲೇ ಇದನ್ನೂ ಸವರಿಸಿದರೆ ಮುಂದಿನ ಹೂವೆಲ್ಲ ಸೊಪ್ಪಿನ ಗುಂಡಿಗೆ ಹೋಗುತ್ತದೆ. ಹೂ ಮುಗಿದ ಕೂಡಲೇ ಸವರಬೇಕು. ಅದರ ಬಣ್ಣವೂ ಮಣ್ಣನ್ನೇ ಅನುಸರಿಸುತ್ತದೆ: ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಗುವುದರಿಂದ ಹೂ ನೀಲಿ, ಸುಣ್ಣ ಹಾಕಿ ಹುಳಿ ಇಳಿಸಿದರೆ ಗುಲಾಬಿ. ಬಿಳಿ ಜಾತಿ ಬದಲಾಗದು. ಪಕ್ಕದ ತೋಟಕ್ಕೆ ಸುಣ್ಣ ಹಾಕಿದ ವರ್ಷ ಅಂಗಳದ ಹೂ ಬಣ್ಣಗೆಟ್ಟಿತೆಂದು ಯಾರಾದರೂ ಹೇಳಿದರೆ ನಗಬೇಡಿ. ಪಾಯಿನ್ಸೆಟಿಯಾ ಕೆಂಪಾಗದಿದ್ದರೆ ಜಗಲಿಯ ವಿದ್ಯುದ್ದೀಪವನ್ನು ಸಂಶಯಿಸಿ. ಅದಕ್ಕೆ ಹಲವು ವಾರ ದೀರ್ಘವಾದ ಕತ್ತಲ ರಾತ್ರಿಗಳು ಬೇಕು.

ಮಳೆಗಾಲದಲ್ಲಿ ಮರಿಗಳ ಸ್ಥಾನ ಜಗಲಿಯ ಪೂರ್ವದ ಅಥವಾ ಉತ್ತರದ ಬದಿ, ನೈಋತ್ಯದ ಇರಿಚಲಿಗೆ ಬೆನ್ನು ಮಾಡಿ. ಸೂರಿನ ಹನಿ ಬೀಳುವ ಸಾಲಿನಿಂದ ಒಂದು ಮೊಳ ಒಳಗಿರಲಿ. ಕುಂಡವನ್ನು ಮೂರು ಇಟ್ಟಿಗೆ ಚೂರುಗಳ ಮೇಲೆ ಎತ್ತಿಡಿ, ಅಡಿಯ ತಟ್ಟೆ ತೆಗೆದುಬಿಡಿ. ತಳಕ್ಕೆ ಜಲ್ಲಿ ತುಂಬಿದರೆ ನೀರು ಬೇಗ ಇಳಿಯುತ್ತದೆಂಬ ನಂಬಿಕೆ ಬಲವಾಗಿದೆ. ವಾಸ್ತವವಾಗಿ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ, ಒದ್ದೆ ಬೇರಿನ ಮಟ್ಟವೇ ಮೇಲೇರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಮಣ್ಣನ್ನು ಬೆರಳಿಂದ ಮುಟ್ಟಿ ಒಣಗಿದ್ದರೆ ಮಾತ್ರ ನೀರು, ಸೆಪ್ಟೆಂಬರ್‌ವರೆಗೆ ಗೊಬ್ಬರ ಬೇಡ. ರಾತ್ರಿ ಟಾರ್ಚು ಹಿಡಿದು ಬಸವನಹುಳುಗಳನ್ನು ಆರಿಸದಿದ್ದರೆ ಮೇಲಿನದೆಲ್ಲ ವ್ಯರ್ಥ. ನೆಲದಲ್ಲೇ ಇರುವ ದೊಡ್ಡ ಗಿಡಗಳಿಗೆ ಬುಡ ಏರಿಸಿ, ಒಂದು ಬಸಿಗಾಲುವೆ ತೆಗೆಯಿರಿ. ಕಣಕ್ಕೆ ಸಿಮೆಂಟು ಹಾಕಿಸುವವರು ನೀರು ಎಲ್ಲಿಗೆ ಹೋಗುತ್ತದೆಂದು ಒಂದು ಕೊಡ ಸುರಿದು ನೋಡಿ. ಮಳೆ ಬಿಟ್ಟ ಮೇಲೆ ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ವಾರ ಹತ್ತು ದಿನ ಅರೆನೆರಳಿನಲ್ಲಿಟ್ಟು ಹೊರತನ್ನಿ. ಡಿಸೆಂಬರಿನ ಒಣ ಮೂಡುಗಾಳಿಗೆ ಬುಡಕ್ಕೆ ದರಗು ಹೊದಿಸಿದರೆ ತೀರಿತು.

ಮರಿಗಳಲ್ಲಿ ಒಂದನ್ನು ನಿಮ್ಮಲ್ಲಿಟ್ಟುಕೊಂಡು ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಗೆ ಕೊಡಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡ ಜರಿದಾಗ ಅಂಗಳ ಸಮೇತ ಮನೆ ಬಿಟ್ಟ ಒಬ್ಬ ಹಿರಿಯ ಗೃಹಿಣಿ ನಮಗೆ ಗೊತ್ತು. ಆಕೆಯ ಜಾಜಿಯ ಬಳ್ಳಿಯೂ ಮಣ್ಣಿನಡಿ ಹೋಯಿತು. ಎರಡು ವರ್ಷ ಮೊದಲು ಮಗಳು ಬೇಡಿ ಕೊಂಡೊಯ್ದಿದ್ದ ಒಂದು ತುಂಡಿನಿಂದ ಎದ್ದ ಬಳ್ಳಿಯ ಕಡ್ಡಿ ಈಗ ಆಕೆಯ ಹೊಸ ಮನೆಯ ಗೇಟಿನ ಮೇಲಿದೆ.

ಮಾರ್ಚ್ ತಿಂಗಳ ಸಂತೆಯ ದಿನಗಳಲ್ಲಿ ಸದಸ್ಯರು ತಮ್ಮ ಹಳೆಯ ಗಿಡಗಳ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸಂಘದ ಕಚೇರಿಗೆ ತರಬಹುದು, ಬೇಕಾದವರು ಒಯ್ಯಬಹುದು. ಬಣ್ಣ, ಊರು ಬರೆದ ಚೀಟಿ ಕಟ್ಟಿರಲಿ. ನಸುಕೆನೆ ಬಣ್ಣದ, ಕೆಂಪು ಕಣ್ಣಿನ, ಒಂಟಿ ಎಸಳಿನ ದಾಸವಾಳ ಯಾರ ಅಂಗಳದಲ್ಲಾದರೂ ಇದ್ದರೆ ನಮಗೂ ಒಂದು ಕಡ್ಡಿ ಬೇಕಾಗಿದೆ.