ಮೆಮೊರಿ ಕಾರ್ಡಿಗೆ ಹಾಕಿದ್ದೆಲ್ಲ ಬ್ಯಾಕಪ್ ಅಲ್ಲ

ಆಂಡ್ರಾಯ್ಡ್ ಕಾರ್ಯಾಚರಣ ವ್ಯವಸ್ಥೆಯ ಮೊದಲ ಫೋನಾದ ಎಚ್‌ಟಿಸಿ ಡ್ರೀಮ್, ಟಿ-ಮೊಬೈಲ್ ಜಿ1 ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಅದರ ಒಳಸಂಗ್ರಹ 256 ಎಂಬಿ ಇದ್ದರೂ ಹೆಚ್ಚಿನ ಪಾಲನ್ನು ವ್ಯವಸ್ಥೆಯೇ ಆಕ್ರಮಿಸಿಕೊಂಡಿದ್ದರಿಂದ, ಬಳಕೆದಾರರ ಆ್ಯಪ್‌ಗಳಿಗೆ ಉಳಿಯುತ್ತಿದ್ದುದು ಸುಮಾರು 70 ಎಂಬಿ ಮಾತ್ರ. 2011ರಲ್ಲಿ ಭಾರತಕ್ಕೆ ಬಂದು, ಬೆಲೆ ಕೈಗೆಟುಕುವಂತಿದ್ದ ಕಾರಣ ವಿದ್ಯಾರ್ಥಿಗಳ ನಡುವೆ ವ್ಯಾಪಕವಾಗಿ ಹರಡಿದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ ಫೋನಿನಲ್ಲೂ ಒಳಜಾಗ ಸುಮಾರು 180 ಎಂಬಿಯಷ್ಟೇ ಇತ್ತು. ಈ ಇಕ್ಕಟ್ಟನ್ನು ನಿಭಾಯಿಸಲು ಬಳಕೆದಾರರು ರೂಢಿಸಿಕೊಂಡ ಕ್ರಮಗಳಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದರೊಳಗೊಂದು ಬೆರೆತುಹೋದವು: ಜಾಗ ತೆರವು ಮಾಡುವುದು ಮತ್ತು ಕಡತಗಳನ್ನು ಕಾಪಾಡಿಕೊಳ್ಳುವುದು.

ಆ ಫೋನುಗಳಲ್ಲಿ ಸಂಗ್ರಹ ಎರಡು ಕಡೆ ಇರುತ್ತಿತ್ತು. ಒಂದು, ಫೋನಿನ ಫಲಕಕ್ಕೇ ಬೆಸೆದ ಒಳಸಂಗ್ರಹ. ಇನ್ನೊಂದು, ಹಿಂಬದಿಯ ಮುಚ್ಚಳದ ಬಳಿ ಸೇರಿಸುವ, ಉಗುರಿನಗಲದ ಮೈಕ್ರೊ ಎಸ್‌ಡಿ ಕಾರ್ಡು. ಕಾರ್ಡನ್ನು ಯಾವ ಕಂಪ್ಯೂಟರಾದರೂ ಓದಬೇಕೆಂಬ ಕಾರಣಕ್ಕೆ ಅದರಲ್ಲಿ ಫ್ಯಾಟ್32 ಎಂಬ ಹಳೆಯ ಕಡತ ವಿನ್ಯಾಸ, ಅಂದರೆ ಯಾವ ಕಡತ ಎಲ್ಲಿದೆ ಎಂಬ ಲೆಕ್ಕವಿಡುವ ಪದ್ಧತಿ, ಬಳಕೆಯಲ್ಲಿತ್ತು. ಯಾವ ಕಡತವನ್ನು ಯಾವ ಆ್ಯಪ್ ತೆರೆಯಬಹುದು ಎಂದು ಕಟ್ಟುಪಾಡು ವಿಧಿಸುವ ಏರ್ಪಾಡು ಅದರಲ್ಲಿಲ್ಲದ ಕಾರಣ, ಗುಟ್ಟಾಗಿರಬೇಕಾದ ಮಾಹಿತಿಯನ್ನು ಆ್ಯಪ್‌ಗಳು ಒಳಸಂಗ್ರಹದಲ್ಲೇ ಇಟ್ಟುಕೊಳ್ಳುತ್ತಿದ್ದವು. ಫೋಟೊ, ಹಾಡು, ವಿಡಿಯೊಗಳು ಕಾರ್ಡಿಗೆ ಹೋಗುತ್ತಿದ್ದವು. ಆದ್ದರಿಂದಲೇ 32 ಜಿಬಿಯ ಕಾರ್ಡು ಅರ್ಧಕ್ಕರ್ಧ ಖಾಲಿಯಿದ್ದರೂ ಹೊಸ ಆ್ಯಪ್‌ಗೆ ಜಾಗವಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬರುವುದು ಆಗ ಸಾಮಾನ್ಯವಾಗಿತ್ತು.

ಒಂದು ಆ್ಯಪ್ ತನ್ನ ಡೌನ್‌ಲೋಡ್ ಗಾತ್ರಕ್ಕಿಂತ ಹೆಚ್ಚು ಜಾಗ ಹಿಡಿಯುತ್ತಿದ್ದುದಕ್ಕೂ ಕಾರಣವಿದೆ. ಎಪಿಕೆ ಎಂಬ ಮೂಲ ಕಡತದ ಜೊತೆಗೆ, ಬೇಗ ಚಾಲನೆಯಾಗಲೆಂದು ಸಿದ್ಧಪಡಿಸಿದ ಅದರ ಇನ್ನೊಂದು ರೂಪ, ಆ್ಯಪ್‌ನ ಸ್ವಂತ ಮಾಹಿತಿ ಮತ್ತು ಕ್ಯಾಶ್, ಅಂದರೆ ಮತ್ತೆ ಮತ್ತೆ ಬೇಕಾಗಬಹುದೆಂದು ತಾತ್ಕಾಲಿಕವಾಗಿ ತೆಗೆದಿಟ್ಟ ಚಿತ್ರ, ಪುಟಗಳ ರಾಶಿ, ಇವೆಲ್ಲ ಒಟ್ಟಿಗೆ ಸೇರುತ್ತಿದ್ದವು. ಒಳಜಾಗ ತೀರಾ ಕುಗ್ಗಿದಾಗ ಹೊಸ ಎಸ್ಸೆಮ್ಮೆಸ್‌ಗಳನ್ನು ಸ್ವೀಕರಿಸುವುದೂ ನಿಂತುಹೋಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಶನ್‌ಗಳ ಪಟ್ಟಿ ತೆರೆದು, ಒಂದೊಂದರ ಕ್ಯಾಶ್ ಅಳಿಸುವುದು ಆಗ ಲಭ್ಯವಿದ್ದ ಮೊದಲ ಪರಿಹಾರ. ಅದೇ ಪುಟದಲ್ಲಿದ್ದ 'ಕ್ಲಿಯರ್ ಡೇಟಾ' ಗುಂಡಿಯನ್ನು ಒತ್ತಿದರೆ ಮಾತ್ರ ಆ್ಯಪ್‌ನಲ್ಲಿ ಕೂಡಿಟ್ಟ ಟಿಪ್ಪಣಿ, ಆಟದ ಅಂಕ, ಲಾಗಿನ್ ಎಲ್ಲವೂ ಅಳಿಸಿಹೋಗುತ್ತಿದ್ದುದರಿಂದ ಎರಡರ ವ್ಯತ್ಯಾಸ ತಿಳಿದಿರಬೇಕಾಗಿತ್ತು.

2010ರಲ್ಲಿ ಬಂದ ಆಂಡ್ರಾಯ್ಡ್ 2.2 ಆವೃತ್ತಿ, ಆ್ಯಪ್‌ಗಳನ್ನು ಕಾರ್ಡಿಗೆ ಸ್ಥಳಾಂತರಿಸುವ ಸೌಲಭ್ಯವನ್ನು ಅಧಿಕೃತವಾಗಿ ಒದಗಿಸಿತು. ಆದರೆ ಸಾಗುತ್ತಿದ್ದುದು ಮುಖ್ಯವಾಗಿ ಎಪಿಕೆ ಕಡತ. ಆ್ಯಪ್‌ನ ಸ್ವಂತ ಮಾಹಿತಿ ಫೋನಿನೊಳಗೇ ಉಳಿಯುತ್ತಿತ್ತು. ಇದರ ಮಿತಿ ಸ್ಪಷ್ಟವಾಗುತ್ತಿದ್ದುದು ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿದಾಗ. ಯುಎಸ್‌ಬಿ ಸ್ಟೋರೇಜ್ ಆನ್ ಮಾಡಿದೊಡನೆ ಕಾರ್ಡಿನ ಹಿಡಿತ ಪೂರ್ತಿಯಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಫೋನಿನ ಗ್ಯಾಲರಿ ಬರಿದಾಗಿ, ಕಾರ್ಡಿಗೆ ಸಾಗಿಸಿದ್ದ ಆ್ಯಪ್‌ಗಳು ತೆರೆಯದಂತಾಗುತ್ತಿದ್ದವು. ಹೋಮ್ ಪರದೆಯ ವಿಜೆಟ್‌ಗಳನ್ನು ಒದಗಿಸುವ ಆ್ಯಪ್‌ಗಳನ್ನು ಕಾರ್ಡಿಗೆ ಸಾಗಿಸಬಾರದೆಂಬ ನಿಯಮ ಹುಟ್ಟಿದ್ದು ಈ ಕಾರಣದಿಂದಲೇ. ನಕಲು ನಡೆಯುತ್ತಿರುವಾಗಲೇ ಕೇಬಲ್ ಕಿತ್ತರೆ ಕಡತಗಳ ಲೆಕ್ಕದ ಪಟ್ಟಿಯೇ ಕೆಟ್ಟು, ಇಡೀ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕಾದ, ಅಂದರೆ ಅಳಿಸಿ ಹೊಸದಾಗಿ ಸಿದ್ಧಪಡಿಸಬೇಕಾದ ಪ್ರಸಂಗ ಬರುತ್ತಿತ್ತು.

ಬ್ಯಾಕಪ್ ಎಂದರೆ ಮೂಲ ನಾಶವಾದರೂ ಉಳಿಯುವಂತೆ ಬೇರೊಂದು ಸಾಧನದಲ್ಲಿ ಇಟ್ಟ ಎರಡನೆಯ ಪ್ರತಿ. ಈ ಅರ್ಥದಲ್ಲಿ ನೋಡಿದರೆ ಫೋಟೊಗಳನ್ನು ಫೋನಿನಿಂದ ಕಾರ್ಡಿಗೆ ಸಾಗಿಸುವುದು ಬ್ಯಾಕಪ್ ಆಗುವುದಿಲ್ಲ. ಮನೆಯ ಬೀಗದ ಎರಡು ಕೀಲಿಗಳನ್ನೂ ಒಂದೇ ಗೊಂಚಲಿನಲ್ಲಿ ಇಟ್ಟುಕೊಂಡಂತೆ, ಫೋನ್ ಕಳೆದರೆ ಅದರೊಳಗಿನ ಕಾರ್ಡೂ ಹೋಗುತ್ತದೆ. ವಾಟ್ಸ್ಆ್ಯಪ್ ದಿನಕ್ಕೊಮ್ಮೆ ತಾನಾಗಿಯೇ ಸಿದ್ಧಪಡಿಸುತ್ತಿದ್ದ ಸಂದೇಶಗಳ ಪ್ರತಿಯೂ 2015ರಲ್ಲಿ ಗೂಗಲ್ ಡ್ರೈವ್‌ನಲ್ಲಿ ಇಡುವ ಸೌಲಭ್ಯ ಬರುವವರೆಗೆ ಫೋನು ಅಥವಾ ಕಾರ್ಡಿನ ಫೋಲ್ಡರಿನಲ್ಲೇ ಇರುತ್ತಿದ್ದುದರಿಂದ, ಅದು ಆ್ಯಪ್ ಮರುಸ್ಥಾಪನೆಗೆ ನೆರವಾಗುತ್ತಿತ್ತೇ ಹೊರತು ಫೋನ್ ಕಳೆದವರಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಸಂಪರ್ಕ ಸಂಖ್ಯೆಗಳ ವಿಷಯ ಇನ್ನೂ ಗೋಜಲಿನದು. ಅವು ಸಿಮ್‌ನಲ್ಲಿ, ಫೋನಿನಲ್ಲಿ ಅಥವಾ ಗೂಗಲ್ ಖಾತೆಯಲ್ಲಿ, ಹೀಗೆ ಮೂರು ಕಡೆ ಚದುರಿರುತ್ತಿದ್ದವು. ಗೂಗಲ್ ಖಾತೆಯಲ್ಲಿ ಉಳಿಸಿದ್ದು ಮಾತ್ರ ಸಿಂಕ್, ಅಂದರೆ ಅಂತರ್ಜಾಲದ ಪ್ರತಿಯೊಂದಿಗೆ ಹೊಂದಾಣಿಕೆ, ಆಗುತ್ತಿತ್ತು. ಫೋನಿನಲ್ಲಿ ಉಳಿಸಿದ್ದನ್ನು ವಿಸಿಎಫ್ ಎಂಬ ಸಂಪರ್ಕಪಟ್ಟಿಯ ಕಡತವಾಗಿ ಹೊರತೆಗೆದು ಕಂಪ್ಯೂಟರಿಗೆ ಹಾಕದಿದ್ದರೆ ಫ್ಯಾಕ್ಟರಿ ರಿಸೆಟ್‌ನೊಂದಿಗೆ ಅದು ಅಳಿಯುತ್ತಿತ್ತು. ಎಸ್ಸೆಮ್ಮೆಸ್‌ಗಳಿಗಂತೂ ಪ್ರತ್ಯೇಕ ಆ್ಯಪ್‌ನ ನೆರವು ಬೇಕಾಗುತ್ತಿತ್ತು. ಫೋಟೊಗಳ ಮಟ್ಟಿಗೆ, ಕಾರ್ಡಿನಲ್ಲಿ ಕ್ಯಾಮೆರಾ ಚಿತ್ರಗಳಿರುವ ಡಿಸಿಐಎಂ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ನಕಲಿಸಿ, ಕೆಲವು ಚಿತ್ರಗಳನ್ನು ತೆರೆದು ಪರೀಕ್ಷಿಸಿದ ನಂತರವೇ ಕಾರ್ಡಿನಿಂದ ಅಳಿಸುವುದು ಸರಿಯಾದ ಕ್ರಮವಾಗಿತ್ತು.

ಅಂದಿನ ಫೋನುಗಳು ಬಳಕೆಯಿಂದ ಮರೆಯಾದರೂ ಅವುಗಳ ಕಾರ್ಡುಗಳು ಅನೇಕ ಮನೆಗಳ ಮೇಜಿನ ಡ್ರಾಯರುಗಳಲ್ಲಿ ಉಳಿದಿವೆ. ಅವುಗಳಲ್ಲಿರುವ ಫ್ಲ್ಯಾಶ್ ಮೆಮೊರಿ ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುವುದರಿಂದ, ವರ್ಷಗಟ್ಟಲೆ ಬಳಸದೆ ಇಟ್ಟ ಕಾರ್ಡಿನಲ್ಲಿ ಆ ಆವೇಶ ನಿಧಾನವಾಗಿ ಸೋರಿ ಕಡತಗಳು ಕೆಡುವ ಸಾಧ್ಯತೆ ಇದೆ. ಆದ್ದರಿಂದ ಅಂಥ ಕಾರ್ಡುಗಳನ್ನು ಇಟ್ಟುಕೊಂಡಿರುವವರು ಇನ್ನು ತಡಮಾಡದೆ, ಒಂದು ಕಾರ್ಡ್ ರೀಡರ್ ಬಳಸಿ ಅವುಗಳಲ್ಲಿರುವುದನ್ನು ಕನಿಷ್ಠ ಎರಡು ಬೇರೆ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳುವುದು ಒಳಿತು.