ಜೋಡಿ ಕಟ್ಟುವ ವಿದ್ಯೆ

ಪುಷ್ಯ ಮಾಘಗಳು ಬಂದುವೆಂದರೆ ನಮ್ಮ ಸೀಮೆಯ ಪ್ರೌಢಶಾಲೆಗಳಲ್ಲಿ ಹಿಂದಿನ ಬೆಂಚುಗಳು ಬರಿದಾಗುವುದು ಬಹುಕಾಲದ ವಾಡಿಕೆಯಾಗಿತ್ತು. ವಾರದ ಮೇಲೆ ಬಂದ ಹುಡುಗನನ್ನು ನಿಲ್ಲಿಸಿ "ಎಲ್ಲಿಗೆ ಹೋಗಿದ್ದೆಯಪ್ಪ?" ಎಂದು ಕೇಳಿದರೆ "ಜಾತ್ರೇಲಿ ದನದ ಹತ್ರ ಇದ್ದೆ ಸಾರ್" ಎಂಬ ಉತ್ತರ ಬರುತ್ತಿತ್ತು. ಉಪಾಧ್ಯಾಯನಾದವನು ಗದರಿಸಬೇಕು, ಆದರೆ ನನಗೆ ಬಾಯಿ ಬರುತ್ತಿರಲಿಲ್ಲ. ನಾನೂ ಆ ಬೆಂಚನ್ನು ಬರಿದು ಮಾಡಿ ಹೋದವನೇ. ನಾನು ಕಾಲೇಜಿಗೆ ಕಟ್ಟಿದ ಮೊದಲ ವರ್ಷದ ಹಣ ನಮ್ಮ ತಂದೆಯವರು ಮಾರಿದ ಒಂದು ಜೊತೆ ಹೋರಿಗಳ ಹಣ.

ಈಗ ಕೆಲವು ವರ್ಷಗಳಿಂದ ಜಾತ್ರೆಯ ವಾರದಲ್ಲೂ ಬೆಂಚುಗಳು ತುಂಬಿರುತ್ತವೆ. ಹಾಜರಿ ಪುಸ್ತಕದ ದೃಷ್ಟಿಯಿಂದ ಇದು ಸಂತೋಷದ ಸಂಗತಿ. ಆದರೆ ಮಕ್ಕಳು ಬರುತ್ತಿರುವುದು ಓದಿನ ಆಸೆ ಹೆಚ್ಚಿದ್ದರಿಂದ ಮಾತ್ರವೇ ಅಲ್ಲ, ಅನೇಕ ಮನೆಗಳಲ್ಲಿ ಜಾತ್ರೆಗೆ ಹೊಡೆದುಕೊಂಡು ಹೋಗಲು ದನಗಳೇ ಉಳಿದಿಲ್ಲ ಎಂಬುದು ತಿಳಿದಾಗ ಮನಸ್ಸು ಯೋಚನೆಗೆ ಬೀಳುತ್ತದೆ. ಪಟ್ಟಣದಲ್ಲಿ ರೇಡಿಯೋದ ಪಕ್ಕದಲ್ಲಿ ಕುಳಿತ ನಮಗೆ ದನದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ನಮ್ಮ ಜಿಲ್ಲೆಯ ರೈತರು ಯಾವ ಶಾಲೆಯಲ್ಲೂ ಕಲಿಯದೆ ಬೆಳಸಿಕೊಂಡು ಬಂದ ಒಂದು ದೊಡ್ಡ ವಿದ್ಯೆ ಇದು. ಅದರ ಪರಿಚಯವಾದರೂ ನಮಗೆ ಇರಬೇಡವೆ?

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕೂ ಮಳೆ ಕಡಮೆಯ, ಕಲ್ಲುಗುಡ್ಡಗಳ, ಕೆಂಪು ನೆಲದ ತಾಲ್ಲೂಕುಗಳು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ದಡದಲ್ಲಿ ಒಂದಿಷ್ಟು ಹಸುರು ಕಂಡರೆ, ಪಾವಗಡದ ಕಡೆಗೆ ಹೋದಂತೆ ನೆಲ ಒಣಗುತ್ತ ಹೋಗುತ್ತದೆ. ಇಂಥ ನೆಲದಲ್ಲಿ ರಾಗಿ, ಕಡಲೆಕಾಯಿ, ಹುರುಳಿ ಬೆಳೆಯುವ ಒಕ್ಕಲಿಗನಿಗೆ ಬೇಕಾದ ಎತ್ತು ದಪ್ಪನಾದದ್ದಲ್ಲ. ಒಣ ಹುಲ್ಲು ತಿಂದು, ಬಿಸಿಲು ತಡೆದು, ಬಿರುಸಾಗಿ ನಡೆಯುವಂಥದ್ದು. ಹಳ್ಳಿಕಾರ್ ತಳಿ ಅಂಥದು. ಬೂದು ಮೈ, ಕಿರಿದಾದ ಉದ್ದ ಮುಖ, ಬಿಗಿಯಾದ ಮಾಂಸಖಂಡ, ನೆತ್ತಿಯಿಂದ ಹತ್ತಿರ ಹತ್ತಿರವಾಗಿ ಎದ್ದು ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತುದಿ ಚಾಚುವ ನೀಳವಾದ ಕೊಂಬು, ಇವು ಅದರ ಲಕ್ಷಣಗಳು. ೨೦೦೦ದಲ್ಲಿ ಭಾರತದ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಗಿರ್, ಕಾಂಕ್ರೇಜ್, ಕಾಂಗಾಯಂಗಳ ಜೊತೆಗೆ ಹಳ್ಳಿಕಾರಿಗೂ ಸ್ಥಾನ ದೊರೆಯಿತು.

ಈ ತಳಿಯ ಚರಿತ್ರೆ ಅರಮನೆಯ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ದನಗಳ ಇಲಾಖೆಯೊಂದನ್ನು ವ್ಯವಸ್ಥೆಗೊಳಿಸಿ ಅದಕ್ಕೆ 'ಬೆಣ್ಣೆ ಚಾವಡಿ' ಎಂದು ಹೆಸರಿಟ್ಟರು. ಟಿಪ್ಪು ಸುಲ್ತಾನನು ಅದನ್ನೇ 'ಅಮೃತ ಮಹಲ್' ಎಂದು ಕರೆದನು. ಹೆಸರು ಬೆಣ್ಣೆ ಅಮೃತಗಳದ್ದಾದರೂ ಅಲ್ಲಿನ ಎತ್ತುಗಳು ಎಳೆದದ್ದು ಫಿರಂಗಿಗಳನ್ನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಅಮೃತ ಮಹಲ್ ತಳಿ ರೂಪುಗೊಂಡಿತೆಂದು ಬಲ್ಲವರು ಹೇಳುತ್ತಾರೆ. ಇವುಗಳಲ್ಲಿ ಹಾಗಲವಾಡಿ ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನದು. ಅರಮನೆಯ ದನಗಳಿಗೆ ಕಾವಲುಗಳಿದ್ದುವು, ಲೆಕ್ಕ ಬರೆಯುವ ಗುಮಾಸ್ತರಿದ್ದರು. ಒಕ್ಕಲಿಗನ ಹಳ್ಳಿಕಾರಿಗೆ ಇವಾವುವೂ ಇರಲಿಲ್ಲ. ಹಾಗಾದರೆ ಅದರ ಶುದ್ಧಿಯನ್ನು ಕಾದವರು ಯಾರು?

ಹೋಲಿಕೆಗಾಗಿ ಸ್ವಲ್ಪ ದೂರ ಹೋಗಿ ನೋಡೋಣ. ಇಂಗ್ಲೆಂಡಿನ ಹೆರಿಫರ್ಡ್ ಸೀಮೆಯ ದನ ಪ್ರಪಂಚದಲ್ಲೆಲ್ಲ ಹೆಸರಾದದ್ದು. ಕೆಂಪು ಮೈ, ಬಿಳಿ ಮುಖ. ಮೊದಲಿಗೆ ಅವೂ ನೇಗಿಲು ಎಳೆಯುವ ಎತ್ತುಗಳೇ. ಉಳುಮೆಯಿಂದ ಬಿಡುಗಡೆಯಾದ ಮೇಲೆ ಅವು ಮಾಂಸದ ತಳಿಯಾಗಿ ಉಳಿದುಕೊಂಡವು. ೧೮೧೭ರಲ್ಲಿ ಅಮೆರಿಕವನ್ನು ಮುಟ್ಟಿದವು. ೧೮೪೬ರಲ್ಲಿ ಅವುಗಳ ವಂಶಾವಳಿಯ ಪುಸ್ತಕವೇ ಅಚ್ಚಾಯಿತು. ಯಾವ ಹೋರಿಗೆ ಯಾರು ತಂದೆ, ಯಾರು ತಾಯಿ ಎಂಬುದೆಲ್ಲ ಅದರಲ್ಲಿ ದಾಖಲು. ಅಲ್ಲಿ ಪ್ರದರ್ಶನದಲ್ಲಿ ತೀರ್ಪುಗಾರನು ಮಾಂಸ ಎಲ್ಲೆಲ್ಲಿ ಹೇಗೆ ತುಂಬಿದೆ ಎಂಬುದನ್ನು ನೋಡುತ್ತಾನೆ. ನಮ್ಮ ಒಕ್ಕಲಿಗನ ಮನೆಯಲ್ಲಿ ಅಂಥ ಪುಸ್ತಕವಿರಲಿಲ್ಲ. ಆ ಪುಸ್ತಕದ ಕೆಲಸವನ್ನು ದನಗಳ ಜಾತ್ರೆ ಮಾಡುತ್ತ ಬಂತು. ಅಲ್ಲಿ ನೋಡುವುದು ಮಾಂಸವನ್ನಲ್ಲ, ನಡಿಗೆಯನ್ನು. ಅದೂ ಒಂದರ ನಡಿಗೆಯನ್ನಲ್ಲ, ಎರಡರ ನಡಿಗೆಯನ್ನು.

ಹಳ್ಳಿಕಾರ್ ಹಸು ಹೆಚ್ಚು ಹಾಲು ಕೊಡುವುದಲ್ಲ. ಕರು ಕುಡಿದು ಮಿಕ್ಕದ್ದು ಮನೆಯ ಮಜ್ಜಿಗೆಗೆ ಆದರೆ ಅದೇ ಹೆಚ್ಚು. ಆದ್ದರಿಂದ ಆ ಹಸುವಿನ ಬೆಲೆಯೆಲ್ಲ ಅದು ಹಾಕುವ ಗಂಡುಗರುವಿನಲ್ಲಿ. ಒಂದು ಮನೆಯಲ್ಲಿ ಹುಟ್ಟಿದ ಕರುವಿಗೆ ಸರಿಜೋಡಿ ಅದೇ ಮನೆಯಲ್ಲಿ ಸಿಕ್ಕುವುದು ಅಪರೂಪ. ರೈತನು ಸಂತೆ, ಜಾತ್ರೆ, ನೆಂಟರ ಊರುಗಳನ್ನು ಸುತ್ತಿ ಬಣ್ಣ, ಎತ್ತರ, ಕೊಂಬಿನ ಬಾಗು, ವಯಸ್ಸು ಇವು ಹೊಂದುವ ಇನ್ನೊಂದು ಕರುವನ್ನು ಹುಡುಕಿ ತರುತ್ತಾನೆ. ಇದಕ್ಕೆ ಜೋಡಿ ಕಟ್ಟುವುದು ಎಂದು ಹೆಸರು. ಎರಡನ್ನೂ ಒಂದೇ ಗೊಂತಿನಲ್ಲಿ ಕಟ್ಟಿ, ರಾಗಿ ಹುಲ್ಲು, ಬೇಯಿಸಿದ ಹುರುಳಿ, ಕಡಲೆಕಾಯಿ ಹಿಂಡಿ ಹಾಕಿ, ಮೈ ತಿಕ್ಕಿ, ಮೂಗುದಾರ ಹಾಕಿ, ಮೊದಲು ಬರಿಯ ನೊಗ, ಆಮೇಲೆ ಮರದ ಕೊರಡು, ಆಮೇಲೆ ಖಾಲಿ ಗಾಡಿ, ಹೀಗೆ ಹಂತಹಂತವಾಗಿ ಪಳಗಿಸುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆ ಬಂದದ್ದು ಜೋಡಿ ಹೊಂದದ ಬೇಸಾಯದಿಂದ. ಎರಡು ಹೆಜ್ಜೆ ಒಂದಾಗದಿದ್ದರೆ ನೊಗ ಓರೆಯಾಗುತ್ತದೆ, ಸಾಲು ಸೊಟ್ಟಗಾಗುತ್ತದೆ, ಒಂದು ಎತ್ತು ಬೇಗ ಸವೆಯುತ್ತದೆ. ಮನೆಯ ಹೆಂಗಸರು ಮಕ್ಕಳೂ ಈ ಕೆಲಸದಲ್ಲಿ ಪಾಲುಗಾರರು. ಕಲಗಚ್ಚು ಇಡುವವರು, ಗಂಜಲ ಬಾಚುವವರು, ರೋಗದ ಮೊದಲ ಗುರುತು ಕಾಣುವವರು ಅವರೇ.

ವಯಸ್ಸನ್ನು ಅಳೆಯುವುದು ಹಲ್ಲಿನಿಂದ. ದನಕ್ಕೆ ಮೇಲುದವಡೆಯಲ್ಲಿ ಮುಂಭಾಗದ ಹಲ್ಲಿಲ್ಲ, ಕೆಳಗೆ ಎಂಟು. ಮೊದಲಿನವು ಹಾಲುಹಲ್ಲು. ಹೆಚ್ಚುಕಡಮೆ ಎರಡೂವರೆ ವರ್ಷಕ್ಕೆ ನಡುವಣ ಎರಡು ಬಿದ್ದು ಅಗಲವಾದ ಹೊಸ ಹಲ್ಲು ಬರುತ್ತವೆ. ಆಗ ಅದು ಎರಡಲ್ಲಿನ ಹೋರಿ. ಬಳಿಕ ಒಂದೊಂದು ಜೊತೆಯಾಗಿ ನಾಲ್ಕಲ್ಲು, ಆರಲ್ಲು. ಐದು ವರ್ಷದ ಸುಮಾರಿಗೆ ಎಂಟೂ ಬಂದು 'ಬಾಯಿಗೂಡುತ್ತದೆ'. ಜಾತ್ರೆಯಲ್ಲಿ ಬಹುಮಾನದ ವರ್ಗಗಳನ್ನು ಮಾಡುವುದೂ ಈ ಲೆಕ್ಕದಲ್ಲೇ. ಇನ್ನು ಸುಳಿಯ ವಿಚಾರ. ಕೂದಲ ಸುಳಿ ಇಂಥ ಕಡೆ ಇದ್ದರೆ ಶುಭ, ಇಂಥ ಕಡೆ ಇದ್ದರೆ ಅಶುಭ ಎಂಬ ನಂಬಿಕೆ ಬಲವಾಗಿದೆ. ಸುಳಿಯಿಂದ ಯಾವ ಎತ್ತೂ ಹೆಚ್ಚು ಎಳೆದದ್ದನ್ನು ನಾನು ಕಂಡಿಲ್ಲ. ಆದರೆ ಸುಳಿ ಕೆಟ್ಟದ್ದೆಂಬ ಮಾತಿಗೆ ಒಳ್ಳೆಯ ಹೋರಿಯ ಬೆಲೆ ಇಳಿದದ್ದನ್ನು ಕಂಡಿದ್ದೇನೆ. ಕೊಳ್ಳುವವನ ನಂಬಿಕೆಯೂ ಮಾರುವವನಿಗೆ ಒಂದು ವಾಸ್ತವ.

ಜಾತ್ರೆಗಳು ಸುಗ್ಗಿ ಮುಗಿದ ಮೇಲೆ ಒಂದಾದ ಮೇಲೊಂದು ಬರುತ್ತವೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಸುಬ್ರಹ್ಮಣ್ಯಸ್ವಾಮಿಯದು, ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿಯ ಆಂಜನೇಯಸ್ವಾಮಿಯದು, ಮಧುಗಿರಿಯ ದಂಡಿನ ಮಾರಮ್ಮನದು, ಶಿವರಾತ್ರಿಯ ಸುಮಾರಿಗೆ ತುಮಕೂರಿನ ಸಿದ್ಧಗಂಗೆಯದು. ಬಳ್ಳಾರಿ, ರಾಯಚೂರು, ದಾವಣಗೆರೆಗಳ ಕಡೆಯಿಂದಲೂ ಆಂಧ್ರದಿಂದಲೂ ಕೊಳ್ಳುವವರು ಬರುತ್ತಿದ್ದರು. ಚೆನ್ನಾದ ಜೋಡಿಗೆ ಚಪ್ಪರ ಹಾಕಿ, ಕೊಂಬಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗಂಟೆ, ಮೈಮೇಲೆ ಜೂಲು ಹೊದಿಸಿ, ವಾದ್ಯದೊಡನೆ ಮೆರವಣಿಗೆ ಮಾಡಿ ತರುವುದುಂಟು.

ನಮ್ಮ ತಂದೆಯವರ ಜೋಡಿಯ ಮುಂದೆ ಅಂಥ ಚಪ್ಪರವಿರಲಿಲ್ಲ. ಎಂಬತ್ತರ ದಶಕದ ಮಾತು. ಬಳ್ಳಾರಿ ಸೀಮೆಯ ಮುದುಕರೊಬ್ಬರು ಬಂದರು. ಕೊಂಬನ್ನೂ ಸುಳಿಯನ್ನೂ ನೋಡಲಿಲ್ಲ. "ತುಸು ನಡೆಸ್ರಿ" ಎಂದು ಮಣ್ಣು ಸಡಿಲವಾದ ಕಡೆಗೆ ಕರೆದುಕೊಂಡು ಹೋಗಿ, ಹೋರಿಗಳು ಮುಂದೆ ಹೋದ ಮೇಲೆ ಬಗ್ಗಿ ನೆಲವನ್ನು ನೋಡಿದರು. ಹಿಂಗಾಲಿನ ಗೊರಸು ಮುಂಗಾಲಿನ ಗುರುತಿನ ಮೇಲೆ ಬಿದ್ದಿದೆಯೆ, ಎರಡು ಹೋರಿಗಳ ಹೆಜ್ಜೆಯ ಅಂತರ ಸಮವಾಗಿದೆಯೆ, ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಮೂರು ವರ್ಷ ನಮ್ಮ ಮನೆಯವರು ಪಟ್ಟ ಪಾಡನ್ನು ಅವರು ಆ ಮಣ್ಣಿನಲ್ಲಿ ಓದಿಕೊಂಡರು. ಬಳಿಕ ಟವಲಿನ ಕೆಳಗೆ ಇಬ್ಬರ ಕೈಗಳೂ ಸೇರಿದವು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಬೆರಳು ಹಿಡಿದು ತಿಳಿಸುತ್ತಾರೆ. ಒಂದು ಬೆರಳೆಂದರೆ ನೂರೋ ಸಾವಿರವೋ ಎಂಬುದು ದನವನ್ನು ನೋಡಿದ ಇಬ್ಬರಿಗೂ ಗೊತ್ತು. ಇದು ಕಪಟಕ್ಕಾಗಿ ಎಂದು ಕೆಲವರು ತಿಳಿಯುತ್ತಾರೆ. ಮಾತು ಮುರಿದರೂ ಆ ದನದ ಬೆಲೆ ಜಾತ್ರೆಯಲ್ಲೆಲ್ಲ ಕೆಡಬಾರದು, ಮುಂದಿನ ಗಿರಾಕಿ ಹೊಸದಾಗಿ ಕೇಳಬೇಕು ಎಂಬುದು ಅದರ ಪ್ರಯೋಜನ. ವ್ಯಾಪಾರ ಕುದುರಿದ ಮೇಲೆ ನಮ್ಮ ತಂದೆಯವರು ಹೋರಿಗಳನ್ನು ಕೊಟ್ಟರು, ಹಳೆಯ ಕಣ್ಣಿಗಳನ್ನು ಕೊಡಲಿಲ್ಲ. ಕಣ್ಣಿ ಮನೆಯಲ್ಲಿದ್ದರೆ ಕೊಟ್ಟಿಗೆಗೆ ಮತ್ತೆ ದನ ಬರುತ್ತದೆಂಬುದು ನಮ್ಮ ಮನೆಯ ನಂಬಿಕೆ.

ಆ ಕಣ್ಣಿಗಳಿಗೆ ಈಗ ದನವಿಲ್ಲ. ಕಾರಣ ಒಂದಲ್ಲ. ಉಳುಮೆ ಟ್ರ್ಯಾಕ್ಟರಿಗೆ ಹೋಯಿತು. ೧೯೭೪ರಲ್ಲಿ ಆರಂಭವಾದ ಹೈನು ಅಭಿವೃದ್ಧಿಯ ಕಾರ್ಯ ಹಳ್ಳಿಹಳ್ಳಿಗೆ ಹಾಲಿನ ಸಂಘವನ್ನು ತಂದಿತು. ಬಡ ಮನೆಗಳಿಗೆ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಮಿಶ್ರತಳಿಯ ಗಂಡುಗರುವಿಗೆ ನೊಗ ನಿಲ್ಲುವ ಇಣಿ ಚೆನ್ನಾಗಿಲ್ಲ, ಬಿಸಿಲೂ ಆಗದು. ಅದು ಹುಟ್ಟಿದ ದಿನದಿಂದಲೇ ಮನೆಗೆ ಹೊರೆ. ಮೇವಿನ ನೆಲವೂ ಕಿರಿದಾಗುತ್ತಿದೆ. ಪಾವಗಡದ ತಿರುಮಣಿಯ ಸುತ್ತ ಐದು ಗ್ರಾಮಗಳಲ್ಲಿ ಸುಮಾರು ೧೩ ಸಾವಿರ ಎಕರೆ ಸೌರ ವಿದ್ಯುತ್ತಿನ ಉದ್ಯಾನಕ್ಕೆ ಗುತ್ತಿಗೆಯಾಗಿ ಹೋಗಿದೆ. ಮಳೆ ಬಾರದ ನೆಲಕ್ಕೆ ವರ್ಷ ವರ್ಷ ಬಾಡಿಗೆ ಬರುವುದು ಭೂಮಿಯುಳ್ಳವನಿಗೆ ಆಸರೆಯೇ; ಬೇಲಿಯ ಹೊರಗೆ ದನ ಹಿಡಿದು ನಿಂತ ಭೂಮಿಯಿಲ್ಲದವನ ಕಥೆ ಬೇರೆ. ೨೦೨೨ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನಗಳ ಸಂತೆ ಜಾತ್ರೆಗಳಿಗೆ ತಡೆ ಬಿತ್ತು. ೨೦೧೯ರ ಜಾನುವಾರು ಗಣತಿಯ ಪ್ರಕಾರ, ಅದರ ಹಿಂದಿನ ಏಳು ವರ್ಷಗಳಲ್ಲಿ ದೇಶದ ಗಂಡು ದನಗಳ ಸಂಖ್ಯೆ ನೂರಕ್ಕೆ ಮೂವತ್ತರಷ್ಟು ಇಳಿದಿದೆ.

ಹೆರಿಫರ್ಡಿನ ಎತ್ತಿಗೆ ಉಳುಮೆ ತಪ್ಪಿದಾಗ ಇನ್ನೊಂದು ಉಪಯೋಗ ಸಿಕ್ಕಿತು. ಹಳ್ಳಿಕಾರಿಗೆ ಹಾಲಿಲ್ಲ, ಅದರ ಬಾಳೆಲ್ಲ ಹೆಗಲ ಮೇಲೆ ನಿಂತದ್ದು. ಸರ್ಕಾರವು ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿ ಸಂವರ್ಧನ ಕೇಂದ್ರವನ್ನು ನಡೆಸಿದೆ, ಒಳ್ಳೆಯದು. ಎತ್ತಿನ ಗಾಡಿಯ ಓಟಕ್ಕೆ ೨೦೧೭ರ ತಿದ್ದುಪಡಿಯಿಂದ ಅವಕಾಶವಾಗಿ, ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದ ಮೇಲೆ ಓಟದ ಹೋರಿಗಳಿಗೆ ಗಿರಾಕಿ ಹೆಚ್ಚಿದೆ. ಲಕ್ಷ ರೂಪಾಯಿ ದಾಟುವ ಜೋಡಿಗಳ ಸುದ್ದಿ ಕೇಳುತ್ತೇವೆ. ಆದರೆ ಓಟಕ್ಕೆ ಬೇಕಾದ್ದು ಕ್ಷಣದ ವೇಗ, ಬೇಸಾಯಕ್ಕೆ ಬೇಕಾದ್ದು ದಿನದ ತಾಳ್ಮೆ. ಸಾವಿರ ಮನೆಗಳಲ್ಲಿ ಸಾಧಾರಣ ಜೋಡಿಗಳಿದ್ದಾಗ ನೂರು ಉತ್ತಮ ಜೋಡಿಗಳು ಹುಟ್ಟುತ್ತವೆ. ಸಾವಿರ ಮನೆಗಳ ಕೊಟ್ಟಿಗೆ ಬರಿದಾದರೆ ಉತ್ತಮವಾದದ್ದನ್ನು ಆರಿಸುವುದು ಯಾವುದರಿಂದ? ತಳಿ ಉಳಿಯುವುದು ಕೊಟ್ಟಿಗೆಯಲ್ಲಿ. ಕೊಟ್ಟಿಗೆ ಉಳಿಯುವುದು ಸಾಧಾರಣ ಜೋಡಿಗೂ ಜಾತ್ರೆಯಲ್ಲಿ ಕೊಳ್ಳುವವನಿದ್ದರೆ.

ಎಲ್ಲವೂ ಮುಗಿದುಹೋಯಿತೆಂದು ಮಾತ್ರ ನಾನು ಹೇಳಲಾರೆ. ಕಡಲೆಕಾಯಿಯ ಸಾಲಿನ ನಡುವೆ ಎಡೆಕುಂಟೆ ಹೊಡೆಯಲು, ಹದ ಸಿಕ್ಕ ಎರಡು ದಿನದಲ್ಲಿ ಕೂರಿಗೆಯಿಂದ ರಾಗಿ ಬಿತ್ತಲು, ಟ್ರ್ಯಾಕ್ಟರು ತಿರುಗದ ತುಂಡು ಹೊಲಗಳಲ್ಲಿ ಈಗಲೂ ಎತ್ತೇ ಬೇಕು. ಜೋಡಿಯುಳ್ಳವನನ್ನು ಊರಿನವರು ಬಾಡಿಗೆಗೆ ಕಾಯುತ್ತಾರೆ. ಅಂಥವನಿಗೆ ಗೋಮಾಳ ಉಳಿಸಿಕೊಟ್ಟು, ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸಿ, ಜಾತ್ರೆಯ ಬಯಲಿನಲ್ಲಿ ನೀರು ನೆರಳಿನ ಏರ್ಪಾಡು ಮಾಡಿದರೆ ಅವನು ಇನ್ನೊಂದು ಜೋಡಿ ಕಟ್ಟುತ್ತಾನೆ.

ಪಟ್ಟಣದವರು ಮಾಡಬಹುದಾದದ್ದೂ ಒಂದಿದೆ. ಮುಂದಿನ ಪುಷ್ಯ ಮಾಘಗಳಲ್ಲಿ ಮಕ್ಕಳನ್ನು ಕರೆದುಕೊಂಡು ಕ್ಯಾಮೇನಹಳ್ಳಿಗೋ ನಾಗಲಮಡಿಕೆಗೋ ಹೋಗಿ ಬನ್ನಿ. ತೇರನ್ನು ನೋಡಿದ ಮೇಲೆ ದನಗಳ ಸಾಲಿಗೂ ಬನ್ನಿ. ಚಪ್ಪರವಿಲ್ಲದ ಒಂದು ಜೋಡಿಯ ಹತ್ತಿರ ನಿಂತು, ಎಷ್ಟು ಹಲ್ಲು, ಎಲ್ಲಿಂದ ತಂದು ಜೋಡಿ ಕಟ್ಟಿದಿರಿ ಎಂದು ಕೇಳಿ. ಅದರ ಯಜಮಾನನು ಸಂತೋಷದಿಂದ ಹೇಳುತ್ತಾನೆ. ಹಗ್ಗ ಹಿಡಿದು ಪಕ್ಕದಲ್ಲಿ ನಿಂತ ಹುಡುಗನು ನನ್ನ ತರಗತಿಯವನಾಗಿದ್ದರೆ, ಆ ವಾರದ ಗೈರುಹಾಜರಿಗೆ ಕಾರಣ ಕೇಳುವುದಿಲ್ಲವೆಂದು ಅವನಿಗೆ ತಿಳಿಸಿಬಿಡಿ.